ವಿಯೆಟ್ನಾಮಿಗೆ ಹೊರಡುವ ವಾರ ಪಂಪು ಕೈಕೊಟ್ಟದ್ದು

ಹೊರಡಲು ಇನ್ನು ಏಳೇ ದಿನ ಎನ್ನುವಾಗ ಪಂಪು ಕೈಕೊಟ್ಟಿತು. ಆದಿತ್ಯವಾರ ಬೆಳಗ್ಗೆ ಆರೂವರೆಗೆ ಹಸಿರು ಬಟನ್ ಒತ್ತಿದರೆ ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಹಾಗೇ ಒತ್ತಿ ಹಿಡಿದರೆ ವೈಂಡಿಂಗ್ ಸುಟ್ಟು ಹೋಗುತ್ತದೆ, ಕೂಡಲೇ ಬಿಟ್ಟೆ. ಮೈನ್ ಆಫ್ ಮಾಡಿ ಹಿಂದಿನ ಫ್ಯಾನನ್ನು ಸ್ಕ್ರೂಡ್ರೈವರಿನಿಂದ ತಳ್ಳಿ ನೋಡಿದೆ, ಸಲೀಸಾಗಿ ತಿರುಗುತ್ತದೆ. ಅಂದರೆ ಬೇರಿಂಗ್ ಜಾಮ್ ಅಲ್ಲ. ವೋಲ್ಟೇಜ್ ನೋಡಿದೆ, 224. ಅದೂ ಅಲ್ಲ. ಉಳಿದದ್ದು ಕಂಡೆನ್ಸರ್.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿ 400 ಅಡಿಕೆ ಮರದ ಸಣ್ಣ ತೋಟ. ನೀರು ಸುರಂಗದ್ದು. ಈ ಕಡೆಯವರಲ್ಲದವರಿಗೆ ಹೇಳುವುದಾದರೆ, ನಮ್ಮ ಸುರಂಗ ರೈಲು ಹೋಗುವಂಥದ್ದಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ ಕೊರೆದ ಬಾವಿ ಅದು. ನೀರು ತಾನಾಗಿಯೇ ಹರಿದು ಹೊರಗೆ ಬರುತ್ತದೆ. ಅಜ್ಜನ ಕಾಲದಿಂದ ಇವತ್ತಿನವರೆಗೆ ಅದಕ್ಕೆ ಕರೆಂಟು ಬೇಕಾಗಿಲ್ಲ, ರಿಪೇರಿಯೂ ಬಂದಿಲ್ಲ. ಆದರೆ ಆ ನೀರು ಬಂದು ಬೀಳುವ ಟ್ಯಾಂಕಿ ತೋಟದ ಮಟ್ಟದಲ್ಲೇ ಇದೆ, ಹಾಗಾಗಿ ಸ್ಪ್ರಿಂಕ್ಲರ್ ತಿರುಗಬೇಕಾದರೆ 2 ಎಚ್‌ಪಿ ಪಂಪು ಬೇಕೇ ಬೇಕು.

ಫೆಬ್ರವರಿ ತಿಂಗಳು. ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರ ಲೆಕ್ಕದಲ್ಲಿ ಜನವರಿ-ಫೆಬ್ರವರಿಗೆ ಅಡಿಕೆಗೆ ಆರು ದಿನಕ್ಕೊಮ್ಮೆ, ಮರಕ್ಕೆ 175 ಲೀಟರಿನಂತೆ ನೀರು ಬೇಕು. ಮಾರ್ಚಿನಿಂದ ಮಳೆ ಬರುವವರೆಗೆ ಮೂರರಿಂದ ಐದು ದಿನಕ್ಕೊಮ್ಮೆ. ನಾನು ತೋಟವನ್ನು ಆರು ಲೈನ್ ಮಾಡಿದ್ದೇನೆ, ದಿನಕ್ಕೊಂದು. ಒಂದು ಲೈನಿಗೆ ಹೆಚ್ಚುಕಡಿಮೆ 67 ಮರ, ಅಂದರೆ ಸುಮಾರು 11,700 ಲೀಟರ್, ನಮ್ಮ ಪಂಪಿನಲ್ಲಿ ಎರಡು ಗಂಟೆ. ಸುರಂಗದ ಬಾಯಿಗೆ 15 ಲೀಟರಿನ ಬಕೆಟ್ ಹಿಡಿದು ಅಳೆದಿದ್ದೆ, ತುಂಬಲು 70 ಸೆಕೆಂಡು. ದಿನಕ್ಕೆ 18,500 ಲೀಟರ್ ಆಯಿತು. ನೀರಿಗೆ ತೊಂದರೆ ಇಲ್ಲ. ಟ್ಯಾಂಕಿ ಹಿಡಿಯುವುದು 15,000, ಮೇಲಿನದ್ದು ತೋಡಿಗೆ.

ತೊಂದರೆ ಇದ್ದದ್ದು ಬೇರೆ. ನಾನು, ಹೆಂಡತಿ, ಮಗಳು ಮೂರೂ ಜನ ಹತ್ತು ದಿನ ಇಲ್ಲ. ಮಗಳು ಕೆಲಸಕ್ಕೆ ಸೇರುವ ಮೊದಲು ಒಮ್ಮೆ ಎಲ್ಲರೂ ಎಲ್ಲಿಗಾದರೂ ಹೋಗೋಣ ಎಂದು ಹಟ ಹಿಡಿದಿದ್ದಳು. ಕೊಚ್ಚಿಯಿಂದ ಹೋ ಚಿ ಮಿನ್ ನಗರಕ್ಕೆ, ಅಂದರೆ ಹಳೇ ಸೈಗಾನಿಗೆ, ನೇರ ವಿಮಾನ ಇದೆ ಎಂದು ಅವಳೇ ಹುಡುಕಿದ್ದು. ಅಮ್ಮ ಪುತ್ತೂರಿಗೆ ಅಕ್ಕನ ಮನೆಗೆ. ಮನೆಗೆ ಬೀಗ. ತೋಟಕ್ಕೆ ಆಚೆಮನೆ ಮಾವ ದಿನಕ್ಕೊಮ್ಮೆ ಬಂದು ಲೈನಿನ ವಾಲ್ವ್ ತಿರುಗಿಸುತ್ತೇನೆ ಎಂದಿದ್ದರು. ಈ ವಾಕ್ಯ ನೆನಪಿಟ್ಟುಕೊಳ್ಳಿ. ನಾನು ಬುಧವಾರದವರೆಗೆ ನೆನಪಿಟ್ಟುಕೊಳ್ಳಲಿಲ್ಲ.

ಸೋಮವಾರ ಸ್ಟಾರ್ಟರ್ ಬೋರ್ಡ್ ಬಿಚ್ಚಿದೆ. ಕಂಡೆನ್ಸರ್ ಮುಟ್ಟುವ ಮೊದಲು ಅದರ ಎರಡೂ ಕಾಲಿಗೆ ಬಲ್ಬ್ ಹೋಲ್ಡರಿನ ವಯರು ಹಿಡಿದು ಖಾಲಿ ಮಾಡಿಕೊಳ್ಳಿ. ಕರೆಂಟ್ ಇಲ್ಲ ಅಂತ ಬರಿಗೈಯಲ್ಲಿ ಹಿಡಿದು ಒಮ್ಮೆ ಪೆಟ್ಟು ತಿಂದವನು ಹೇಳುತ್ತಿದ್ದೇನೆ. ಒಳಗೆ ಎರಡಿರುತ್ತವೆ. ಒಂದು ರನ್ ಕಂಡೆನ್ಸರ್, ಅದು ಮೀಟರಿನಲ್ಲಿ 48 ತೋರಿಸಿತು, ಬರೆದದ್ದು 50, ಸರಿ ಇದೆ. ಇನ್ನೊಂದು ಸ್ಟಾರ್ಟ್ ಕಂಡೆನ್ಸರ್, ಮೈಮೇಲೆ 120-150 ಮೈಕ್ರೋಫ್ಯಾರಡ್ ಎಂದು ಬರೆದದ್ದು, ಮೀಟರಿನಲ್ಲಿ 38. ಮೋಟಾರು ಎದ್ದು ನಿಲ್ಲಲು ಬೇಕಾದ ದೂಡು ಕೊಡುವುದೇ ಅದು. ಹಸಿರು ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಅದು ಲೈನಿನಲ್ಲಿರುತ್ತದೆ, ಬಿಟ್ಟ ಕೂಡಲೇ ಹೊರಗೆ. ಕಾಸರಗೋಡು ಪೇಟೆಗೆ ಹೇಗೂ ಡಾಲರ್ ತರಲಿಕ್ಕೆ ಹೋಗುವುದಿತ್ತು, ಕಂಡೆನ್ಸರೂ ಸಿಕ್ಕಿತು. ಅಂಗಡಿಯವನು ಮಲಯಾಳದಲ್ಲಿ ಶುರು ಮಾಡಿ ತುಳುವಿನಲ್ಲಿ ರೇಟು ಹೇಳಿ ಕನ್ನಡದಲ್ಲಿ ಚಿಲ್ಲರೆ ಇಲ್ಲ ಎಂದ. ಸಂಜೆ ಹಾಕಿದೆ, ಗಿರ್ ಎಂದು ಎದ್ದಿತು. ಅಲ್ಲಿಗೇ ನಿಲ್ಲಿಸಬೇಕಿತ್ತು.

ಅದೇ ರಾತ್ರಿ ಇ-ವೀಸಾ ಬಂತು. ಹೆಂಡತಿಯದ್ದು ಸರಿ, ನನ್ನದು ಸರಿ, ಮಗಳದ್ದರಲ್ಲಿ ಪಾಸ್‌ಪೋರ್ಟ್ ನಂಬರಿನ ಎರಡು ಅಂಕೆ ಹಿಂದೆಮುಂದೆ. ತುಂಬಿಸಿದ್ದು ನಾನೇ, ಬೈಯಲಿಕ್ಕೆ ಬೇರೆ ಯಾರೂ ಇಲ್ಲ. ವಿಮಾನ ಇಳಿದ ಮೇಲೆ ನೋಡುವ ಎಂದು ಬಿಡುವ ಹಾಗಿಲ್ಲ. ಹೊಸ ಅರ್ಜಿಯೇ ಹಾಕಬೇಕು, ಕಟ್ಟಿದ 25 ಡಾಲರ್ ವಾಪಸ್ ಇಲ್ಲ. ಅವರು ಹೇಳುವುದು ಮೂರು ಕೆಲಸದ ದಿನ. ಬೆರಳು ಮಡಚಿ ಎಣಿಸಿದೆ, ಮಂಗಳ, ಬುಧ, ಗುರು. ರಾತ್ರಿ ಹನ್ನೊಂದಕ್ಕೆ ಹಾಕಿದೆ. ಈ ಸಲ ಮಗಳು ಪಾಸ್‌ಪೋರ್ಟ್ ಹಿಡಿದು ಒಂದೊಂದೇ ಅಂಕೆ ಓದಿದಳು, ಒಂದನೇ ತರಗತಿಯ ಮಗ್ಗಿಯ ಹಾಗೆ. ಇನ್ನೊಂದು ವಿಷಯ, ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಅರ್ಜಿಯಲ್ಲಿ ಮನೆ ಹೆಸರನ್ನೋ ಜಾತಿ ಹೆಸರನ್ನೋ ಸುಮ್ನೆ ಸೇರಿಸಲು ಹೋಗಬೇಡಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ.

ವೀಸಾದ ತಲೆಬಿಸಿ ಮರೆಯಲಿಕ್ಕೋ ಏನೋ, ಮಂಗಳವಾರ ನಾನು ದೊಡ್ಡ ಕೆಲಸಕ್ಕೆ ಕೈ ಹಾಕಿದೆ. ಪಂಪನ್ನು ಸೈಗಾನಿನಿಂದ ಫೋನ್ ಮಾಡಿ ಶುರು ಮಾಡುವುದು. ಮೊಬೈಲ್ ಸ್ಟಾರ್ಟರ್ ಅಂಗಡಿಯಲ್ಲಿ ರೆಡಿ ಸಿಗುತ್ತದೆ, ಗೊತ್ತು. ಆದರೆ ಡಬ್ಬದಲ್ಲಿ ಎರಡು ವರ್ಷದಿಂದ ಒಂದು ಇಎಸ್‌ಪಿ32 ಬೋರ್ಡು (ಪ್ರೋಗ್ರಾಂ ಹಾಕುವ ಪುಟ್ಟ ಕಂಪ್ಯೂಟರ್), ಸಿಮ್ ಹಾಕಿ ಮೆಸೇಜ್ ಪಡೆಯುವ ಒಂದು ಸಿಮ್800ಎಲ್ ಮಾಡ್ಯೂಲ್, ನಾಲ್ಕು ರಿಲೇ (ಬೋರ್ಡು ಹೇಳಿದಂತೆ ನಡೆಯುವ ಸ್ವಿಚ್) ಬಿದ್ದಿತ್ತಲ್ಲ, ಕೈ ತುರಿಸುತ್ತಿತ್ತು. ಯೋಜನೆ ಸರಳ. ಎರಡು ರಿಲೇ ಹಸಿರು ಬಟನಿನ ಎರಡು ಕಾಂಟ್ಯಾಕ್ಟಿಗೆ ಅಡ್ಡಲಾಗಿ, ಒಂದೂವರೆ ಸೆಕೆಂಡ್ ಒತ್ತಿ ಬಿಟ್ಟ ಹಾಗೆ. ಒಂದು ರಿಲೇ ಕೆಂಪು ಬಟನಿನ ಜೊತೆ ಸಾಲಿನಲ್ಲಿ, ನಿಲ್ಲಿಸಲು. ಮೆಸೇಜ್ ಬಂದರೆ ಆನ್, ಎರಡು ಗಂಟೆ ಕಳೆದರೆ ಆಫ್.

ಸಿಮ್800ಎಲ್‌ಗೆ 2ಜಿ ಸಿಮ್ಮೇ ಬೇಕು, 4ಜಿ ಮಾತ್ರ ಇರುವ ಕಂಪನಿಯ ಸಿಮ್ ಹಾಕಿದರೆ ಕಣ್ಣು ಮಿಟುಕಿಸುತ್ತಾ ಕೂತಿರುತ್ತದೆ ಅಷ್ಟೆ. ಅದರ ಲೈಟು ಸೆಕೆಂಡಿಗೊಮ್ಮೆ ಮಿನುಗಿದರೆ ನೆಟ್‌ವರ್ಕ್ ಹುಡುಕುತ್ತಿದೆ, ಮೂರು ಸೆಕೆಂಡಿಗೊಮ್ಮೆ ಆದರೆ ಸಿಕ್ಕಿದೆ. ನನ್ನದು ಆರೇಳು ಸಲ ಮಿನುಗುವುದು, ಸಾಯುವುದು, ಮತ್ತೆ ಮೊದಲಿನಿಂದ. ಕಾರಣ ಸಪ್ಲೈ. ಇದಕ್ಕೆ ಬೇಕಾದದ್ದು 3.4ರಿಂದ 4.4 ವೋಲ್ಟ್, ಟವರಿನ ಜೊತೆ ಮಾತಾಡುವ ಕ್ಷಣಕ್ಕೆ 2 ಆಂಪಿಯರ್ ತನಕ ಎಳೆಯುತ್ತದೆ. ನಾನು ಹಳೆ ಮೊಬೈಲ್ ಚಾರ್ಜರಿಗೆ ಒಂದು ಡಯೋಡ್ ಸೇರಿಸಿ, ಕೂದಲಿನಷ್ಟು ಸಪೂರದ ವಯರಿನಲ್ಲಿ ಕೊಟ್ಟಿದ್ದೆ. ಆ ಕ್ಷಣಕ್ಕೆ ವೋಲ್ಟೇಜ್ ಬಿದ್ದು ಮಾಡ್ಯೂಲ್ ರೀಸೆಟ್. 12 ವೋಲ್ಟಿನ ಅಡಾಪ್ಟರ್ ಹಾಕಿ, ವೋಲ್ಟೇಜ್ ಇಳಿಸುವ ಎಲ್‌ಎಂ2596 ಬೋರ್ಡಿನಲ್ಲಿ 4.1ಕ್ಕೆ ತಿರುಗಿಸಿ, ಮಾಡ್ಯೂಲಿನ ಕಾಲಿಗೆ ತಾಗಿಸಿಯೇ 1000 ಮೈಕ್ರೋಫ್ಯಾರಡಿನ ಒಂದು ಕಂಡೆನ್ಸರ್ ಕೂರಿಸಿದೆ. ಮನೆಯ ಜಗಲಿಯಲ್ಲಿ ಸರಿಯಾಯಿತು. ಪಂಪುಶೆಡ್ಡಿಗೆ ತೆಗೆದುಕೊಂಡು ಹೋದರೆ ಅಲ್ಲಿ ನೆಟ್‌ವರ್ಕೇ ಇಲ್ಲ, ತಗ್ಗು ಜಾಗ. ಕೊನೆಗೆ ಆಂಟೆನಾವನ್ನು ಉದ್ದ ಕೇಬಲಿನಲ್ಲಿ ಎಳೆದು ಅಡಿಕೆ ಕೊಯ್ಯುವ ದೋಟಿಯ ತುದಿಗೆ ಕಟ್ಟಿ ನಿಲ್ಲಿಸಿದೆ. ಎರಡು ಕಡ್ಡಿ ಬಂತು. ದಾರಿಯಲ್ಲಿ ಹೋಗುವವರು ಇಬ್ಬರು ನಿಂತು ನೋಡಿದರು.

ಇದರ ನಡುವೆ ಫೋನು. ಮೂರು ತಿಂಗಳಿಂದ ಹಿಂದಿನ ಮುಚ್ಚಳ ಸ್ವಲ್ಪ ಎದ್ದಿತ್ತು, ಕವರ್ ಹಾಕಿ ಮುಚ್ಚಿಟ್ಟಿದ್ದೆ. ಮಗಳು ತೆಗೆದು ನೋಡಿ, "ಅಪ್ಪಾ, ಇದು ಬ್ಯಾಟರಿ ಉಬ್ಬಿದ್ದು, ಇದನ್ನು ಹಿಡಿದುಕೊಂಡು ವಿಮಾನ ಹತ್ತುತ್ತೀರಾ?" ಎಂದಳು. ಮಂಗಳವಾರವೇ ಕುಂಬಳೆಗೆ ಓಡಿದೆ. ಒಂದು ಅಂಗಡಿಯಲ್ಲಿ ಬ್ಯಾಟರಿ ಬದಲಾಯಿಸಿದರು, ಬದಲಾಯಿಸುವಾಗ ಬೆರಳಚ್ಚಿನ ಸಣ್ಣ ರಿಬ್ಬನ್ ಹರಿದರು. ಹರಿದದ್ದು ಗೊತ್ತಾದದ್ದು ಮನೆಗೆ ಬಂದು ಬ್ಯಾಂಕಿನ ಆಪ್ ತೆರೆದಾಗ. ಪಿನ್ ನೆನಪಿಲ್ಲ, ಹೊಸ ಪಿನ್ನಿಗೆ ಕಾರ್ಡಿನ ಹಿಂದಿನ ನಂಬರು, ಕಾರ್ಡು ಹೆಂಡತಿಯ ಬ್ಯಾಗಿನಲ್ಲಿ, ಹೆಂಡತಿ ಬದಿಯಡ್ಕದಲ್ಲಿ. ಆಪ್ ತೆರೆಯಲೇಬೇಕಿತ್ತು. ನಮ್ಮ ಕಾರ್ಡುಗಳು ಹೊರದೇಶದಲ್ಲಿ ತಾನಾಗಿ ನಡೆಯುವುದಿಲ್ಲ. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕೊಡುವಾಗ ದೇಶದೊಳಗಿನ ಬಳಕೆಗೆ ಮಾತ್ರ ಕೊಡುತ್ತಾರೆ, ಹೊರದೇಶದ ಬಳಕೆ ಬೇಕಿದ್ದರೆ ನಾವೇ ಸ್ವಿಚ್ ಹಾಕಬೇಕು. ಹಾಕಿ, ಮಿತಿಯನ್ನೂ ಕಡಿಮೆ ಇಟ್ಟೆ. ಒಟಿಪಿ ಬರಬೇಕಲ್ಲ ಎಂದು ರೋಮಿಂಗ್ ಕೂಡ.

ಬುಧವಾರ ಎಲ್ಲ ಜೋಡಿಸಿ ಮೊದಲ ಮೆಸೇಜ್ ಕಳಿಸಿದೆ. ಟಕ್ ಎಂದು ಕಾಂಟ್ಯಾಕ್ಟರ್ (ಕಾಯಿಲಿನ ಬಲದಲ್ಲಿ ಮೋಟಾರಿಗೆ ಕರೆಂಟು ಕೊಡುವ ದೊಡ್ಡ ಸ್ವಿಚ್) ಕಚ್ಚಿತು, ಮೋಟಾರು ಎದ್ದಿತು. ನನ್ನ ಖುಷಿ ಕೇಳಬೇಡಿ. ಆಫ್ ಮೆಸೇಜ್ ಕಳಿಸಿದೆ, ಪಂಪು ನಿಂತಿತು, ಜೊತೆಗೆ ಇಎಸ್‌ಪಿಯೂ ರೀಸೆಟ್ ಆಯಿತು. ಮತ್ತೆ ಮತ್ತೆ ಅದೇ. ಕಾಂಟ್ಯಾಕ್ಟರಿನ ಕಾಯಿಲ್ ಬಿಡುವಾಗ ಒಂದು ದೊಡ್ಡ ವೋಲ್ಟೇಜ್ ಮುಳ್ಳು ಏಳುತ್ತದೆ, ಹತ್ತಿರದ ವಯರುಗಳಿಗೆ ಹಾರಿ ಬೋರ್ಡಿನ ತಲೆ ತಿರುಗಿಸುತ್ತದೆ. ಕಾಯಿಲಿಗೆ ಅಡ್ಡಲಾಗಿ 100 ಓಮಿನ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡಿನ 275 ವೋಲ್ಟಿನ ಎಕ್ಸ್2 ಕಂಡೆನ್ಸರ್ ಸಾಲಾಗಿ ಹಾಕಿದರೆ ಅದು ತಗ್ಗುತ್ತದೆ. ತಗ್ಗಿತು. ಹತ್ತರಲ್ಲಿ ಒಂಬತ್ತು ಸಲ ಸರಿ. ಹತ್ತನೆಯದಕ್ಕೆ ಮತ್ತೆ ರೀಸೆಟ್.

ಆ ಹತ್ತನೆಯದನ್ನು ಹುಡುಕುತ್ತಾ ಸಂಜೆ ಏಳರವರೆಗೆ ಶೆಡ್ಡಿನಲ್ಲಿ ಕೂತಿದ್ದೆ, ತಲೆಗೆ ಟಾರ್ಚು, ಸುತ್ತ ಸೊಳ್ಳೆ. ಹೆಂಡತಿ ಚಾ ಹಿಡಿದುಕೊಂಡು ಬಂದಳು. ಸ್ವಲ್ಪ ಹೊತ್ತು ನೋಡಿ ಕೇಳಿದಳು.

"ಅಲ್ಲ, ಮಾವ ದಿನಾ ಬಂದು ವಾಲ್ವ್ ತಿರುಗಿಸುತ್ತಾರಲ್ಲ, ಆ ವಾಲ್ವ್ ಎಲ್ಲಿ ಉಂಟು?"

ವಾಲ್ವ್ ಪಂಪುಶೆಡ್ಡಿನ ಗೋಡೆಗೆ ತಾಗಿಯೇ ಉಂಟು. ಹಸಿರು ಬಟನಿನಿಂದ ನಾಲ್ಕು ಹೆಜ್ಜೆ.

"ಹಾಗಾದರೆ ಬಟನ್ ಅವರೇ ಒತ್ತಬಹುದಲ್ವಾ? ನೀವು ವಿಯೆಟ್ನಾಮಿನಿಂದ ಯಾಕೆ ಒತ್ತಬೇಕು?"

ಚಾ ಕುಡಿದೆ. ಆರು ವಾಲ್ವಿಗೂ ಮೋಟಾರು ಹಾಕಿದರೆ ಮಾತ್ರ ನನ್ನ ಬೋರ್ಡಿಗೆ ಅರ್ಥ ಇರುತ್ತದೆ, ಅಷ್ಟು ದುಡ್ಡೂ ಇಲ್ಲ, ಅಷ್ಟು ದಿನವೂ ಇಲ್ಲ. ಕೂತು ಯೋಚಿಸಿದರೆ ಮಾವನಿಂದ ಆಗದ್ದು ಒಂದೇ, ಎರಡು ಗಂಟೆ ಅಲ್ಲಿ ಕಾದು ಕೂತು ನಿಲ್ಲಿಸುವುದು. ಅವರಿಗೆ ಅವರ ದನ, ಅವರ ತೋಟ. ಮರೆತರೆ ಟ್ಯಾಂಕಿ ಖಾಲಿ, ಪಂಪು ಒಣ ಓಡಿ ಸೀಲ್ ಸುಟ್ಟು ಹೋಗುತ್ತದೆ. ಅಂದರೆ ಶುರು ಮಾಡುವುದಕ್ಕೆ ಏನೂ ಬೇಡ, ನಿಲ್ಲಿಸುವುದಕ್ಕೆ ಬೇಕು. ಎರಡು ದಿನ ನಾನು ತಿರುಗಾಮುರುಗಾ ಕೆಲಸ ಮಾಡಿದ್ದೆ.

ಗುರುವಾರ ಬೆಳಗ್ಗೆ ದೋಟಿ ಇಳಿಸಿದೆ. ಬೋರ್ಡುಗಳೆಲ್ಲ ಮತ್ತೆ ಡಬ್ಬಕ್ಕೆ. ಪೇಟೆಯಿಂದ ಎರಡೇ ವಸ್ತು ತಂದೆ, ಪ್ಯಾನೆಲ್ ಬೋರ್ಡಿನಲ್ಲಿ ಹಾಕುವ ಆನ್-ಡಿಲೇ ಟೈಮರ್ ಒಂದು, ಟ್ಯಾಂಕಿಗೆ ಇಳಿಬಿಡುವ ಫ್ಲೋಟ್ ಸ್ವಿಚ್ ಒಂದು. ಜೋಡಣೆ ಹೀಗೆ. ಹಸಿರು ಬಟನ್ ಬಿಟ್ಟ ಮೇಲೆ ಕಾಂಟ್ಯಾಕ್ಟರ್ ತನ್ನನ್ನು ತಾನೇ ಹಿಡಿದುಕೊಂಡಿರುವುದು ಅದರದ್ದೇ ಒಂದು ಸಣ್ಣ ಕಾಂಟ್ಯಾಕ್ಟಿನ ಮೂಲಕ. ಆ ಹಿಡಿದುಕೊಳ್ಳುವ ದಾರಿಗೆ ಟೈಮರಿನ ಮುಚ್ಚಿರುವ ಕಾಂಟ್ಯಾಕ್ಟನ್ನು ಸಾಲಾಗಿ ಸೇರಿಸಿದೆ. ಟೈಮರಿನ ಸ್ವಂತ ಕರೆಂಟು ಕಾಯಿಲಿನ ಜೊತೆಯಲ್ಲೇ. ಪಂಪು ಶುರುವಾದ ಕ್ಷಣದಿಂದ ಟೈಮರ್ ಎಣಿಸುತ್ತದೆ, ಎರಡು ಗಂಟೆಗೆ ಕಾಂಟ್ಯಾಕ್ಟ್ ಬಿಡುತ್ತದೆ, ಕಾಯಿಲ್ ಸಾಯುತ್ತದೆ, ಪಂಪು ನಿಲ್ಲುತ್ತದೆ. ಅದರೊಂದಿಗೆ ಟೈಮರಿಗೂ ಕರೆಂಟು ಹೋಗಿ ಅದು ಸೊನ್ನೆಗೆ ಬಂದು ನಾಳೆಗೆ ತಯಾರು. ನಡುವೆ ಕರೆಂಟು ಹೋಗಿ ಬಂದರೆ ಪಂಪು ತಾನಾಗಿ ಏಳುವುದಿಲ್ಲ, ಅದೇ ಬೇಕಾದದ್ದು. ಎರಡು ಗಂಟೆಗೆ ಮೊದಲೇ ನಿಲ್ಲಿಸಬೇಕಾದರೆ ಕೆಂಪು ಬಟನ್ ಇದ್ದೇ ಇದೆ. ಪ್ರೋಗ್ರಾಂ ಇಲ್ಲ, ಸಿಮ್ ಇಲ್ಲ. ಟೈಮರಿನ ಮುಖದ ಮೇಲೆ ಒಂದು ತಿರುಪು, ಅದನ್ನು ಎರಡಕ್ಕೆ ಇಟ್ಟು ಟೇಪ್ ಸುತ್ತಿದೆ.

ಫ್ಲೋಟ್ ಸ್ವಿಚ್ಚಿನಲ್ಲಿ ಕರಿ, ಕಂದು, ನೀಲಿ ಮೂರು ವಯರು ಬರುತ್ತವೆ. ಒಂದು ಜೋಡಿ ತುಂಬುವುದಕ್ಕೆ, ಇನ್ನೊಂದು ಜೋಡಿ ಖಾಲಿಯಾಗುವುದಕ್ಕೆ. ನಮಗೆ ಬೇಕಾದದ್ದು ಫ್ಲೋಟ್ ಕೆಳಗೆ ತೂಗಿದಾಗ ಬಿಡುವ ಜೋಡಿ. ಬಣ್ಣ ನಂಬಬೇಡಿ, ಮೀಟರ್ ಹಿಡಿದು ಕೈಯಲ್ಲಿ ಮೇಲೆ ಕೆಳಗೆ ಮಾಡಿ ನೋಡಿಕೊಳ್ಳಿ. ಇದನ್ನು ಕೆಂಪು ಬಟನಿನ ಸಾಲಿನಲ್ಲೇ ಸೇರಿಸಿದೆ, ನೀರಿಲ್ಲದಿದ್ದರೆ ಹಸಿರು ಒತ್ತಿದರೂ ಏಳಬಾರದು. 230 ವೋಲ್ಟಿನ ವಯರು ನೀರಿಗೆ ಇಳಿಯುತ್ತದೆ ಎನ್ನುವುದು ಮರೆಯಬಾರದು. ಇಎಲ್‌ಸಿಬಿ (ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್) ಇಲ್ಲದೆ ಇದನ್ನು ಮಾಡಲೇಬೇಡಿ, ಇದ್ದರೂ ಅದರ ಟೆಸ್ಟ್ ಬಟನ್ ಒತ್ತಿ ಬೀಳುತ್ತದೋ ನೋಡಿ. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಎರಡು ದಿನದಲ್ಲಿ ಆಗದ್ದು ನಾಲ್ಕು ಗಂಟೆಯಲ್ಲಿ.

ಶುಕ್ರವಾರ ಮಧ್ಯಾಹ್ನ ಮಗಳ ವೀಸಾ ಬಂತು. ಮೂರು ಸಲ ಓದಿದೆವು, ಪ್ರಿಂಟ್ ಹಾಕಿದೆವು. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಗ್ಯಾಸ್ ಬಂದ್, ಫ್ರಿಜ್ ಖಾಲಿ. ಅಮ್ಮ ಪುತ್ತೂರಿಗೆ ಹೋಗುವ ಮೊದಲು ಒಂದು ಕಟ್ಟು ಹಲಸಿನ ಹಪ್ಪಳ ಮತ್ತು ಒಣ ಕೊಬ್ಬರಿ ಕಟ್ಟಿಟ್ಟಿದ್ದರು. ಹಪ್ಪಳ ಇಟ್ಟುಕೊಂಡೆವು. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳುವ ಸಾಮಾನಿನ ಪಟ್ಟಿಯಲ್ಲಿ ಅದಿದೆ, ವಿಮಾನಕ್ಕೆ ಬಿಡುವುದಿಲ್ಲ. ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿ ನಂಬಿಸಲು ಆಗಲಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಕೌಂಟರಿನಲ್ಲಿ ಕೊಡುವ ಪೆಟ್ಟಿಗೆಯಲ್ಲಿ ಅಲ್ಲ. ಮಿತಿ 100 ವ್ಯಾಟ್-ಅವರ್. ನಮ್ಮದು 20,000 ಎಂಎಎಚ್, 3.7ರಿಂದ ಗುಣಿಸಿದರೆ 74, ಸಾಕು. ವಿಯೆಟ್ನಾಮಿನಲ್ಲಿ ಕರೆಂಟು 220 ವೋಲ್ಟು 50 ಹರ್ಟ್ಸ್, ಹೆಚ್ಚುಕಡಿಮೆ ನಮ್ಮದೇ. ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಹಾಗೇ ಹೋಗುತ್ತದೆ, ಮಗಳ ಲ್ಯಾಪ್‌ಟಾಪಿನ ಮೂರು ಪಿನ್ನಿಗೆ ಮಾತ್ರ ಅಡಾಪ್ಟರ್ ಬೇಕಾಯಿತು.

ಶನಿವಾರ ಪರೀಕ್ಷೆ. ಬೇಕೆಂದೇ ಪಂಪು ಓಡಿಸಿ, ಕೆಳಗಿನ ಗೇಟ್ ವಾಲ್ವನ್ನೂ ತೆರೆದು ಟ್ಯಾಂಕಿಯ ನೀರು ಇಳಿಸಿದೆ. ನೀರು ಕೆಳಗೆ ಬಂತು, ಫ್ಲೋಟ್ ಬರಲಿಲ್ಲ. ಪಂಪು ನೀರೆಳೆಯುವ ಫೂಟ್‌ವಾಲ್ವಿನ ಪೈಪಿಗೆ ಅದರ ಕೇಬಲ್ ಸುತ್ತಿಕೊಂಡು ಫ್ಲೋಟ್ ಪೈಪಿನ ಬೆಂಡಿನ ಮೇಲೆ ಆರಾಮವಾಗಿ ಕೂತಿತ್ತು. ಕೈಯಿಂದ ಪಂಪು ನಿಲ್ಲಿಸಿದೆ. ಆವತ್ತು ನೋಡದೆ ಹೋಗಿದ್ದರೆ ಇಷ್ಟೆಲ್ಲ ಮಾಡಿದ್ದು ನೀರಿಗೇ. ಪೈಪಿನಿಂದ ಮೂರು ಅಡಿ ದೂರದಲ್ಲಿ ಗೋಡೆಗೆ ಕೊಕ್ಕೆ ಹೊಡೆದು, ಕೇಬಲಿಗೆ ಒಂದು ಮುರಕಲ್ಲಿನ ತುಂಡು ಕಟ್ಟಿ ಇಳಿಬಿಟ್ಟೆ. ಎರಡನೇ ಸಲ ನೀರು ಪೈಪಿನ ಬಾಯಿಗಿಂತ ಒಂದು ಗೇಣು ಮೇಲಿರುವಾಗಲೇ ಟಕ್ ಎಂದು ನಿಂತಿತು.

ಸಂಜೆ ಮಾವನನ್ನು ಕರೆದು ತೋರಿಸಿದೆ. ವಾಲ್ವ್ ತಿರುಗಿಸಿ, ಹಸಿರು ಒತ್ತಿ, ಗಿರ್ ಎಂದ ಮೇಲೆ ಬಿಡಿ, ಮನೆಗೆ ಹೋಗಿ, ಅಷ್ಟೆ. ಅವರು ಬೋರ್ಡನ್ನು ಮೇಲಿಂದ ಕೆಳಗೆ ನೋಡಿದರು.

"ಇದು ಮೊದಲು ಹೇಗಿತ್ತೋ ಹಾಗೇ ಉಂಟಲ್ಲ ಮಾರಾಯ. ನೀನು ಒಂದು ವಾರ ಇಲ್ಲಿ ಎಂತ ಮಾಡಿದ್ದು?"

"ಅದು ಒಳಗೆ ಉಂಟು ಮಾವ" ಎಂದೆ.

ಮಾವನದ್ದು ಬಟನ್ ಫೋನು. ಒಂದು ಮಿಸ್ ಕಾಲ್ ಬಂದರೆ ಪಂಪು ಎದ್ದಿತು, ಎರಡು ಬಂದರೆ ಏನೋ ಎಡವಟ್ಟು ಎಂದು ಮಾತಾಯಿತು. ಆದಿತ್ಯವಾರ ಕಾಸರಗೋಡಿನಿಂದ ರೈಲು, ಆಲುವದಲ್ಲಿ ಇಳಿದು ಕೊಚ್ಚಿ ವಿಮಾನ ನಿಲ್ದಾಣವಿರುವ ನೆಡುಂಬಾಶೇರಿಗೆ. ಆ ವಿಮಾನ ನಿಲ್ದಾಣ 2015ರಿಂದ ಪೂರ್ತಿ ಸೋಲಾರಿನಲ್ಲಿ ನಡೆಯುತ್ತದೆ. ಎಕರೆಗಟ್ಟಲೆ ಪ್ಯಾನೆಲ್ ನೋಡುತ್ತಾ ನಮ್ಮ ಪಂಪಿಗೂ ಎಂದು ಬಾಯಿ ತೆರೆದೆ, ಹೆಂಡತಿ ಒಮ್ಮೆ ನೋಡಿದಳು, ಸುಮ್ಮನಾದೆ.

ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ದಿನಾ ಎಂಟೂಕಾಲರ ಹೊತ್ತಿಗೆ, ತಿಂಡಿಗೆ ಕೂತಿರುವಾಗ, ಫೋನು ಒಮ್ಮೆ ಹೊಡೆದು ನಿಲ್ಲುತ್ತಿತ್ತು. ಶುಕ್ರವಾರ ಹೊಡೆಯಲಿಲ್ಲ. ನಾನೇ ಮಾಡಿದೆ, "ಕರೆಂಟಿಲ್ಲ, ನೀನು ತಿರುಗು ಮಾರಾಯ" ಎಂದು ಇಟ್ಟುಬಿಟ್ಟರು.

ಬುಧವಾರ ಸಂಜೆ ಮನೆಗೆ ಬಂದು ಬ್ಯಾಗು ಜಗಲಿಯಲ್ಲಿಟ್ಟು ಮೊದಲು ಶೆಡ್ಡಿಗೆ ಹೋದೆ. ಸುಣ್ಣದ ಗೋಡೆಯ ಮೇಲೆ ಮಾವ ಮಸಿಯಲ್ಲಿ ಲೆಕ್ಕ ಬರೆದಿಟ್ಟಿದ್ದರು. ಸೋಮ 1, ಮಂಗಳ 2, ಬುಧ 3, ಗುರು 4, ಶುಕ್ರಕ್ಕೆ ಒಂದು ಗೆರೆ. ಶನಿ ಬೆಳಗ್ಗೆ 5, ಸಂಜೆ 6 ಅರ್ಧ, ಆದಿತ್ಯವಾರದಿಂದ ಮತ್ತೆ 1. ತಪ್ಪಿದ ದಿನದ್ದನ್ನು ತುಂಬಿಸಲು ಒಂದೇ ದಿನ ಎರಡು ಲೈನ್ ಬಿಟ್ಟಿದ್ದಾರೆ, ಸಂಜೆಯದಕ್ಕೆ ಟ್ಯಾಂಕಿಯಲ್ಲಿ ಅಷ್ಟು ನೀರಿರಲಿಲ್ಲ, ಫ್ಲೋಟ್ ನಡುವೆ ನಿಲ್ಲಿಸಿದೆ. ಆರನೇ ಲೈನಿನ ಕೊನೆಯ ಮರಗಳ ಬುಡ ಕೈಯಿಂದ ಕೆದಕಿ ನೋಡಿದೆ, ಒಣಗಿದೆ. ನಾಳೆ ಬೆಳಗ್ಗೆ ಮೊದಲು ಅಲ್ಲಿಗೆ ಬಿಡಬೇಕು.